ವಕೀಲಮ್ಮನ ಗಂಡನ ಕಿವಿ

ಅವತ್ತಿನ ಪೇಚಾಟಕ್ಕೆಲ್ಲ ಮೂಲ ಒಂದು ಬ್ರೆಡ್ಡು. ಬೆಳಿಗ್ಗೆ ಎದ್ದು ಡಬ್ಬಿ ತೆರೆದರೆ ಒಣಗಿ ಬೆಂಡಾದ ತುದಿಯ ತುಂಡೊಂದು ಬಿಟ್ಟು ಮತ್ತೇನೂ ಇರಲಿಲ್ಲ. ಹೆಂಡತಿ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ ಕರಿ ಕೋಟಿಗೆ ಬ್ರಷ್ ಹಾಕುತ್ತಿದ್ದಳು. ಈಗ ತಂದುಬಿಡ್ತೀನಿ ಅಂತ ಕನ್ನಡಕದವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಆ ಒಣ ತುಂಡನ್ನೇ ಕಡಿದುಕೊಂಡು ತೆಪ್ಪಗೆ ಮನೆಯಲ್ಲಿ ಕೂತಿದ್ದರೆ ಈ ಕತೆ ಹೇಳುವ ಕೆಲಸ ನನಗೆ ಬರುತ್ತಿರಲಿಲ್ಲ.

ಕನ್ನಡಕದವನೆಂದು ಅವನನ್ನು ಕರೆಯುವವನು ನಾನೊಬ್ಬನೇ. ಬೀದಿಯಲ್ಲಿ ಅವನದೇ ಅಂಗಡಿಯಿದೆ, ಕಣ್ಣು ನೋಡುವ ಯಂತ್ರವಿದೆ, ಗಾಜು ಅರೆಯುವುದರಲ್ಲಿ ಅವನದು ಎತ್ತಿದ ಕೈ. ಆದರೂ ಬೀದಿಯವರ ಬಾಯಲ್ಲಿ ಅವನು ವಕೀಲಮ್ಮನ ಯಜಮಾನರು, ಅಷ್ಟೆ. ಅವನು ಲೆನ್ಸಿನ ವಿಷಯ ಎತ್ತಿದರೆ ಜನ ಆಕಳಿಸುತ್ತಾರೆ. ಹೆಂಡತಿಯ ವಿಷಯ ಎತ್ತಿದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ವಕೀಲರ ಮನೆಯವರಿಗೆ ಜನ ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ, ಹೊಸತನವೂ ಇಲ್ಲ. ಯಂತ್ರದ ಮೇಲೆ ಗದ್ದ ಊರಿ, ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯ ಮೇಲಿನ ಅಕ್ಷರ ಓದುವುದನ್ನು ಅರ್ಧಕ್ಕೆ ನಿಲ್ಲಿಸಿ ಶುರುಮಾಡುತ್ತಾರೆ. ಮನೆಯಲ್ಲೂ ಹೀಗೇ ವಾದ ಮಾಡುತ್ತಾರಾ? ಯಾರು ಗೆಲ್ಲುತ್ತಾರೆ? ಸುಳ್ಳು ಹೇಳಿದರೆ ಮುಖ ನೋಡಿಯೇ ಕಂಡುಹಿಡಿಯುತ್ತಾರಾ? ಕೋರ್ಟಿನಲ್ಲಿ ಆದದ್ದನ್ನೆಲ್ಲ ಊಟಕ್ಕೆ ಕೂತಾಗ ಹೇಳುತ್ತಾರಾ? ನಾಳೆ ನೀವಿಬ್ಬರೇ ಜಗಳಾಡಿದರೆ ನಿಮ್ಮ ಕಡೆಗೆ ಯಾವ ವಕೀಲರು ನಿಲ್ಲುತ್ತಾರೆ? ಇವಕ್ಕೆಲ್ಲ ಅವನ ಹತ್ತಿರ ಸವೆದು ನುಣುಪಾದ ಉತ್ತರಗಳಿದ್ದವು. ಮನೆಯಲ್ಲಿ ಅವಳು ವಾದ ಮಾಡುವುದೇ ಇಲ್ಲ, ನೇರವಾಗಿ ತೀರ್ಪು ಕೊಡುತ್ತಾಳೆ ಎನ್ನುವನು. ಕೇಳಿದವರು ನಗುವರು. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ, ಸುಮ್ಮನೆ ನಿಮ್ಮ ಕಿವಿಗೊಂದು ಮಾತು ಹಾಕಿರುತ್ತೇನೆ ಸಾರ್ ಎಂದು ತಮ್ಮ ಮನೆಯ ತಂಟೆಯೊಂದನ್ನು ಬಿಚ್ಚುವರು.

ಅವನು ಕೇಳಿಸಿಕೊಳ್ಳುವನು. ನಿಜ ಹೇಳಬೇಕೆಂದರೆ ಅದು ಅವನಿಗೆ ಬಲು ಇಷ್ಟ. ಹೂಂಗುಡುತ್ತ, ತಲೆದೂಗುತ್ತ, ನಡುವೆ ಒಂದೆರಡು ಬಾರಿ "ಹಾಗೋ ವಿಷಯ" ಎನ್ನುತ್ತ ಕೇಳುವಾಗ ತಾನೂ ಒಬ್ಬ ತಿಳಿದವನೆಂದು ಎದೆ ಸ್ವಲ್ಪ ಉಬ್ಬುತ್ತಿತ್ತು.

ಹೆಂಡತಿಗೆ ಇದು ಗೊತ್ತಾಗಿ ಒಂದು ಸಲ ಮುಖ ಕೆಂಪಗೆ ಮಾಡಿಕೊಂಡಿದ್ದಳು. ಕಾನೂನಿನ ಮಾತು ಯಾರು ಎತ್ತಿದರೂ, ನನಗೆ ಗೊತ್ತಿಲ್ಲ, ಆಫೀಸಿಗೆ ಹೋಗಿ ಅವಳನ್ನೇ ಕೇಳಿ, ಇಷ್ಟೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿ, ಮಗುವಿಗೆ ಮಗ್ಗಿ ಹೇಳಿಸಿದ ಹಾಗೆ ಎದುರಿಗೆ ಕೂರಿಸಿಕೊಂಡು ಹೇಳಿಸಿದ್ದಳು. ಅವನು ಮನೆಯಲ್ಲಿ ಸರಿಯಾಗಿಯೇ ಹೇಳಿದ್ದ.

ಪಾಪ, ಅವಳ ಕಷ್ಟ ಅವಳಿಗೆ. ಸೀನಿಯರ್ ವಕೀಲರ ಹಿಂದೆ ಫೈಲು ಹೊತ್ತುಕೊಂಡು ವರ್ಷಗಟ್ಟಲೆ ಓಡಾಡಿ, ಕಳೆದ ವರ್ಷ ಧೈರ್ಯ ಮಾಡಿ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಆಫೀಸು ತೆರೆದಿದ್ದಳು. ಒಂದು ಮೇಜು, ಒಂದು ಬೀರು, ಕಕ್ಷಿದಾರರಿಗೆಂದು ಎರಡು ಕುರ್ಚಿ. ಆ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಅವಳು ಬುದ್ಧಿವಂತೆ, ಬಾಯಿ ಚುರುಕು, ಎದುರಿನ ವಕೀಲರು ಬೆವರುತ್ತಾರೆ ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿದವರು ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಸಾಯಂಕಾಲ ಅವಳು ಮನೆಗೆ ಬಂದು ಚೀಲವನ್ನು ಸದ್ದಾಗದಂತೆ ಇಡುತ್ತಿದ್ದಳು. ಎತ್ತಿ ಒಗೆದಿದ್ದರೂ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಂಥವಳು ಹಿಂದಿನ ದಿನ ಕೈ ತೊಳೆಯುತ್ತ ಹಾಡು ಗುನುಗಿದ್ದಳು. ಏನು ವಿಶೇಷ ಎಂದರೆ, ಕೇಸು ಬಂತು ಎಂದಿದ್ದಳು. ಮೊದಲಿಂದ ಕೊನೆಯವರೆಗೆ ತಾನೇ ನಡೆಸುವ ಮೊದಲ ಕೇಸು. ಯಾರದೆಂದು ಕೇಳಬೇಡಿ, ಹೇಳೋಲ್ಲ, ಎಂದೂ ಸೇರಿಸಿದ್ದಳು. ಅವನು ಕೇಳಿರಲಿಲ್ಲ. ಆ ಗುನುಗು ಇನ್ನೂ ಕಿವಿಯಲ್ಲಿದ್ದಾಗಲೇ ಈಗ ಬೇಕರಿಗೆ ಹೊರಟಿದ್ದ.

ಬೇಕರಿಯ ಷಟರು ಅರ್ಧ ಎತ್ತಿತ್ತು. ಅವನನ್ನು ಕಂಡದ್ದೇ ತಡ, ಬೇಕರಿಯವನು ಕೈಹಿಡಿದು ಒಳಕ್ಕೆ ಎಳೆದುಕೊಂಡ. ಒಳಗೆ ನೋಡಿದರೆ ಛಾವಣಿಯ ಗಾರೆ ಹೆಂಚಿನಗಲ ಕಿತ್ತುಬಂದು ಕೆಳಗಿನ ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲಿದ್ದದ್ದು ಮೂರಂತಸ್ತಿನ ಮದುವೆಯ ಕೇಕು. ಈಗ ಅದು ಒಂದೇ ಅಂತಸ್ತು. ನಿನ್ನೆ ಮಧ್ಯಾಹ್ನ ಮೇಲಿನ ಮನೆಯ ಡ್ಯಾನ್ಸ್ ಟೀಚರು ಹುಡುಗಿಯರಿಗೆ ನೆಲ ಒದೆಯುವ ಹೊಸ ಕುಣಿತ ಕಲಿಸುತ್ತಿದ್ದರಂತೆ. ಒಂದೇ ಸಮನೆ ಧಬಧಬ. ಆಮೇಲೆ ಇದು. ಕ್ಲಾಸು ಖಾಲಿ ಮಾಡಿಸಿಯೇ ತೀರುತ್ತೇನೆಂದು ಬೇಕರಿಯವನು ನಿನ್ನೆಯೇ ಮೆಟ್ಟಿಲಲ್ಲಿ ನಿಂತು ಕೂಗಾಡಿ ಬಂದಿದ್ದನಂತೆ.

ಇಷ್ಟು ಹೇಳಿ ಅವನು ಷಟರಿನ ಕಡೆ ಒಮ್ಮೆ ಇಣುಕಿ, ದನಿ ತಗ್ಗಿಸಿ, ಕನ್ನಡಕದವನ ಕಿವಿಯ ಹತ್ತಿರಕ್ಕೇ ಬಂದ.

"ನಿಮ್ಮ ಹತ್ರ ಯಾಕೆ ಮುಚ್ಚಿಡಲಿ ಸಾರ್. ಫ್ಯಾನಿಗೆ ಕೊಕ್ಕೆ ಹೊಡೆಸಿದಾಗಲೇ ಅಲ್ಲೊಂದು ಬಿರುಕು ಬಿಟ್ಟಿತ್ತು. ಚಟ್ ಅಂತ ಸದ್ದು ಬಂದಿದ್ದು ನಾನೇ ಕೇಳಿದ್ದೀನಿ. ಇದು ನಮ್ಮಿಬ್ಬರಲ್ಲೇ ಇರಲಿ. ಈಗ ನಾನೇನು ಮಾಡ್ಲಿ, ತಿಳಿದವರು ನೀವು, ಹೇಳಿ."

ನನಗೆ ಗೊತ್ತಿಲ್ಲ, ಆಫೀಸಿಗೆ ಹೋಗಿ ಅವಳನ್ನೇ ಕೇಳಿ. ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಬೇಕರಿಯವನು ಆಗಲೇ ಬಿಸಿ ಬ್ರೆಡ್ಡನ್ನು ಕೈಯಲ್ಲಿಟ್ಟು, ತಿಳಿದವರು ಎಂದು ಬೇರೆ ಕರೆದಿದ್ದ. ಹೆಂಡತಿ ಫೋನಿನಲ್ಲಿ ಯಾರಿಗೋ ಎಂದೋ ಹೇಳಿದ್ದ ಮಾತು ಕನ್ನಡಕದವನಿಗೆ ನೆನಪಾಯಿತು. ಗಂಟಲು ಸರಿಮಾಡಿಕೊಂಡ.

"ಏನನ್ನೂ ಮುಟ್ಟಬೇಡಿ. ಬಿದ್ದಿದ್ದು ಬಿದ್ದ ಹಾಗೇ ಇರಲಿ. ಅದೇ ಸಾಕ್ಷಿ."

ಬೇಕರಿಯವನು ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿದ. ಕನ್ನಡಕದವನು ಬ್ರೆಡ್ಡು ಹಿಡಿದು ಹೊರಬಂದಾಗ ಒಂದು ಗೇಣು ಎತ್ತರವಾದಂತೆ ನಡೆದ. ಮನೆಯಲ್ಲಿ ಹೆಂಡತಿಗೆ ಏನೂ ಹೇಳಲಿಲ್ಲ. ಅವಳು ನಿಂತೇ ಎರಡು ತುಂಡು ತಿಂದು ಓಡಿದಳು.

ತಾಪತ್ರಯ ಶುರುವಾದದ್ದು ಅಂಗಡಿ ತೆರೆದ ಮೇಲೆ. ಮೊದಲು ಬಂದ ಶಾಲೆ ಮೇಷ್ಟ್ರು ಕನ್ನಡಕ ತೋರಿಸುವ ಬದಲು ಮುಖ ಗಂಟಿಕ್ಕಿಕೊಂಡು ನಿಂತರು. ಬೇಕರಿ ಮುಚ್ಚಿದೆಯಂತೆ, ಬನ್ನಿಲ್ಲ, ರಸ್ಕಿಲ್ಲ, ಏನನ್ನೂ ಮುಟ್ಟಕೂಡದೆಂದು ವಕೀಲಮ್ಮನ ಆಜ್ಞೆಯಾಗಿದೆಯಂತೆ. ಅವರ ಹಿಂದೆ ಬಂದ ಇಸ್ತ್ರಿಯವನೂ ಅದನ್ನೇ ಹೇಳಿದ. ಬೇಕರಿಯ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಒಳಗೆ ಸಾಕ್ಷಿಯಿದೆ ಎಂದು ರಟ್ಟಿನ ಮೇಲೆ ಬರೆದು ತೂಗಹಾಕಿದ್ದಾರಂತೆ. ತಾನು ಆಡಿದ ಮಾತು ಇಷ್ಟು ಹೊತ್ತಿಗಾಗಲೇ ಹೆಂಡತಿಯ ಬಾಯಿಗೆ ಹೋಗಿ ಸೇರಿಕೊಂಡದ್ದು ಕಂಡು ಅವನಿಗೆ ಕಸಿವಿಸಿಯಾಯಿತು. ಅವಳು ಹೇಳಿದ್ದಲ್ಲ ಎಂದ. ಹಾಗಾದರೆ ಇನ್ಯಾರು ಹೇಳಿದ್ದು ಎಂದರು ಮೇಷ್ಟ್ರು. ಅವನು ಮೇಷ್ಟ್ರ ಕನ್ನಡಕ ಇಸಿದುಕೊಂಡು ಒರೆಸತೊಡಗಿದ.

ಅವರು ಹೋದ ಮೇಲೆ ಡ್ಯಾನ್ಸ್ ಟೀಚರು ಬಂದರು. ಕನ್ನಡಕದ ಸ್ಕ್ರೂ ಸಡಿಲವಾಗಿತ್ತಂತೆ. ಮುಂದೆ ಕೂತು, ನೆಮ್ಮದಿಯಿಂದ ಉಸಿರು ಬಿಟ್ಟು, ನಿನ್ನೆ ಸಂಜೆಯಿಂದ ಈಚೆಗೆ ತನ್ನ ಜೀವ ಹಗುರವಾಗಿದೆ ಎಂದರು.

"ನಿಮಗೆ ಗೊತ್ತೇ ಇರುತ್ತೆ ಬಿಡಿ ಸಾರ್, ಕೇಸು ನಿಮ್ಮ ಮನೆಯವರಿಗೇ ಕೊಟ್ಟಿದ್ದೀನಿ. ನಮ್ಮ ಕುಣಿತಕ್ಕೆ ಗಾರೆ ಬೀಳೋಲ್ಲ, ಆ ಛಾವಣಿಗೆ ಮೊದಲೇ ಬೇರೆ ಏನೋ ಪೆಟ್ಟಾಗಿರಬೇಕು, ಅದೊಂದು ಸಿಕ್ಕಿಬಿಟ್ರೆ ಸಾಕು ಅಂದ್ರು ಮೇಡಂ."

ಕೈಯಲ್ಲಿದ್ದ ಸ್ಕ್ರೂ ಜಾರಿ ಕೆಳಗೆ ಬಿತ್ತು. ಅದನ್ನು ಹುಡುಕಲು ಮೇಜಿನಡಿಗೆ ಹೋದ ಕನ್ನಡಕದವನು ಸ್ಕ್ರೂ ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದ. ಮೇಲೆ ಬರಲು ಧೈರ್ಯ ಸಾಲಲಿಲ್ಲ. ಹೆಂಡತಿಯ ಮೊದಲ ಕೇಸಿಗೆ ಬೇಕಾದ ಒಂದೇ ಒಂದು ಸಂಗತಿ ಬೆಳಿಗ್ಗೆಯಿಂದ ತನ್ನ ಬಲಗಿವಿಯಲ್ಲಿ ಕೂತಿತ್ತು.

ಟೀಚರು ಹೋದ ಮೇಲೆ ಅವನು ಕುರ್ಚಿಯಲ್ಲಿ ಕುಸಿದ. ಮದುವೆಯಾದ ಹೊಸತರಲ್ಲಿ ಹೆಂಡತಿ ತಿಳಿಸಿ ಹೇಳಿದ್ದು ನೆನಪಿತ್ತು. ಒಬ್ಬರ ಗುಟ್ಟು ಕೇಳಿದ ವಕೀಲರು ಅವರ ಎದುರಾಳಿಯ ಪರವಾಗಿ ನಿಲ್ಲುವಂತಿಲ್ಲ. ಮನೆಯವರ ಕಿವಿಗೆ ಬಿದ್ದರೂ ವಕೀಲರ ಕಿವಿಗೇ ಬಿತ್ತು ಎಂದು ಎದುರಿನವರು ರಂಪ ಮಾಡುತ್ತಾರೆ, ಅಂಥ ಮಾತು ಬಂದರೆ ನಾನಂತೂ ಆ ಕೇಸಿನಲ್ಲಿ ಒಂದು ಗಳಿಗೆಯೂ ಇರೋಲ್ಲ ಎಂದಿದ್ದಳು. ಆಗ ಅವನು ಅವಳ ಕಣ್ಣು ನೋಡುತ್ತ ಕೂತಿದ್ದನೇ ಹೊರತು ಮಾತಿಗೆ ಅಷ್ಟು ಗಮನ ಕೊಟ್ಟಿರಲಿಲ್ಲ. ಈಗ ಒಂದೊಂದು ಅಕ್ಷರವೂ ನೆನಪಾಯಿತು.

ಬಿರುಕಿನ ವಿಷಯ ಹೇಳಿದರೆ ಅವಳು ಕೇಸು ಬಿಡಬೇಕು. ಹೇಳದೆ ಇದ್ದರೆ ಅವಳು ಆ ಬಿರುಕಿಗಾಗಿ ಊರೆಲ್ಲ ಹುಡುಕುತ್ತಿರುವಾಗ ತಾನು ಪಕ್ಕದಲ್ಲೇ ಕೂತು ಬ್ರೆಡ್ಡು ತಿನ್ನುತ್ತಿರಬೇಕು. ತಿಂದುಕೊಂಡಿರೋಣವೆಂದರೆ, ಒಂದು ದಿನ ಬೇಕರಿಯವನು ಕೋರ್ಟಿನಲ್ಲಿ ಎದ್ದು ನಿಂತು, ನಾನು ಇವರ ಯಜಮಾನರಿಗೆ ಎಲ್ಲ ಹೇಳಿಕೊಂಡಿದ್ದೇನೆ ಎಂದುಬಿಟ್ಟರೆ? ನಾಲ್ಕು ಜನರ ಮುಂದೆ ಅವಳ ಮುಖ ಏನಾಗಬೇಕು? ಉಳಿದದ್ದು ಒಂದೇ ದಾರಿ. ಬೇಕರಿಯವನು ತಾನು ಏನೂ ಹೇಳಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಕಾಲು ಹಿಡಿದಾದರೂ ಒಪ್ಪಿಸುವುದೆಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಓಡಿದ.

ಬೇಕರಿಯ ಮುಂದೆ ಜನ ನೆರೆದಿದ್ದರು. ಹಗ್ಗದ ಆಚೆ ಬೇಕರಿಯವನ ಮುದಿ ತಂದೆ ಸ್ಟೂಲು ಹಾಕಿಕೊಂಡು, ಕೈಯಲ್ಲೊಂದು ಬೀಸಣಿಗೆ ಹಿಡಿದು ಸಾಕ್ಷಿ ಕಾಯುತ್ತಿದ್ದ. ಕೇಕಿಗೆ ಇರುವೆ ಮುತ್ತಿತ್ತು. ಕನ್ನಡಕದವನನ್ನು ಕಂಡು ಜನ ದಾರಿ ಬಿಟ್ಟರು. ಮುದುಕ ಎದ್ದು ನಿಂತು, ಬಹಳ ಮರ್ಯಾದೆಯಿಂದ, ಬೆಳಿಗ್ಗೆಯಿಂದ ತನ್ನನ್ನು ಕೊರೆಯುತ್ತಿದ್ದ ಸಂದೇಹವನ್ನು ಕೇಳಿದ.

"ಇರುವೆ ಓಡಿಸಬಹುದಾ ಸ್ವಾಮಿ, ಇಲ್ಲ ಅವೂ ಸಾಕ್ಷಿನಾ?"

ಓಡಿಸಿ, ಎಲ್ಲವನ್ನೂ ಗುಡಿಸಿ ಹಾಕಿ, ನೆಲ ತೊಳೆದು ಅಂಗಡಿ ತೆರೆಯಿರಿ ಎಂದ ಕನ್ನಡಕದವನು. ನೆರೆದವರಲ್ಲಿ ಗುಸುಗುಸು ಎದ್ದಿತು. ಬೆಳಿಗ್ಗೆ ಮುಟ್ಟಬೇಡಿ ಎಂದವರು ಈಗ ತೊಳೆಯಿರಿ ಎನ್ನುತ್ತಾರೆಂದರೆ ಇದರಲ್ಲೇನೋ ಇದೆ ಎಂದು ಔಷಧಿ ಅಂಗಡಿಯವರು ಗಡ್ಡ ಕೆರೆದುಕೊಂಡರು. ವಕೀಲಮ್ಮ ಹೊಸ ಪಟ್ಟು ಹಾಕಿದ್ದಾರೆ ಎಂದ ಇಸ್ತ್ರಿಯವನು. ಕನ್ನಡಕದವನು ಎರಡೂ ಕೈ ಎತ್ತಿದ. ಅವಳಿಗೂ ಇದಕ್ಕೂ ಸಂಬಂಧವಿಲ್ಲ, ಅವಳಿಗೆ ಇದೊಂದೂ ಗೊತ್ತೇ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟ.

ಬೇಕರಿಯವನ ಮುಖ ಸಪ್ಪಗಾಯಿತು. ಇನ್ನೂ ಹೇಳಿಲ್ಲವೇ ಎಂದು ಒಂದು ಥರದ ನಿರಾಸೆಯಿಂದ ಕೇಳಿದ. ಇಲ್ಲಿ ಬೇಡ, ಜನ ಇದ್ದಾರೆ, ಸಂಜೆ ಹಿಂದಿನ ಬಾಗಿಲಿಗೆ ಬನ್ನಿ ಎಂದು ಬೆನ್ನು ತಟ್ಟಿ ಕಳಿಸಿದ. ಆ ನಿರಾಸೆ ಯಾಕೆಂದು ಯೋಚಿಸುವಷ್ಟು ವ್ಯವಧಾನ ಕನ್ನಡಕದವನಿಗೆ ಇರಲಿಲ್ಲ.

ಅಂಗಡಿಗೆ ಬಂದು ಕೂತನೋ ಇಲ್ಲವೋ ಹೆಂಡತಿಯ ಫೋನು. ಊಟವಾಯಿತೇ ಎಂದು ಕೇಳಿದಳು. ಆಯಿತು ಎಂದ, ಆಗಿರಲಿಲ್ಲ. ಬೇಕರಿ ಮುಚ್ಚಿದೆಯಂತಲ್ಲ ಎಂದಳು. ಹೌದಂತೆ ಎಂದ. ಅವಳ ದನಿ ಸ್ವಲ್ಪ ಹೊತ್ತು ನಿಂತಿತು. ಎದುರಿಗಿರುವ ಸಾಕ್ಷಿದಾರನನ್ನು ತಡವರಿಸಲು ಬಿಟ್ಟು ಕಾಯುವ ಆ ನಿಲುಗಡೆಯನ್ನು ಅವನು ಚೆನ್ನಾಗಿ ಬಲ್ಲ.

"ಬೆಳಿಗ್ಗೆ ನೀವು ಹೋಗಿದ್ರಲ್ಲ, ಒಳಗೇನಾದ್ರೂ ನೋಡಿದ್ರಾ?"

"ಬ್ರೆಡ್ ನೋಡಿದೆ."

"ಬ್ರೆಡ್ ಬಿಟ್ಟು?"

"ಬಿಸಿ ಇತ್ತು."

ಸಂಜೆ ಮನೆಯಲ್ಲಿ ಮಾತಾಡೋಣ ಎಂದು ಅವಳು ಫೋನು ಇಟ್ಟಳು. ಆಮೇಲಿನ ಹೊತ್ತೆಲ್ಲ ಅವನು ಯಾವ ಗಿರಾಕಿಗೆ ಯಾವ ಗಾಜು ಹಾಕಿದನೋ ಅವನಿಗೇ ಗೊತ್ತಿಲ್ಲ. ಅಕ್ಷರಗಳನ್ನು ಸರಿಯಾಗಿ ಓದಿದ ಹೆಂಗಸೊಬ್ಬರಿಗೆ, ತಪ್ಪು, ಇನ್ನೊಮ್ಮೆ ನೋಡಿ ಎಂದು ಗದರಿದನಂತೆ. ಆಕೆ ಹೆದರಿ ಇಲ್ಲದ ಅಕ್ಷರಗಳನ್ನು ಓದಿದರು.

ಸಂಜೆ ಹಿಂದಿನ ಬಾಗಿಲಿನಲ್ಲಿ ಬೇಕರಿಯವನು ಹಿಟ್ಟಿನ ಚೀಲದ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿದ. ಕನ್ನಡಕದವನು ಪೀಠಿಕೆ ಹಾಕಲಿಲ್ಲ. ನನ್ನ ಸಂಸಾರದ ಪ್ರಶ್ನೆ ಯಜಮಾನರೇ, ನೀವು ಬೆಳಿಗ್ಗೆ ನನಗೆ ಹೇಳಿದ್ದನ್ನು ಹೇಳಲೇ ಇಲ್ಲ ಅಂದುಕೊಳ್ಳಿ, ನಾನು ಕೇಳಲೇ ಇಲ್ಲ ಅಂದುಕೊಳ್ಳುತ್ತೇನೆ, ಇಬ್ಬರೂ ಮರೆತುಬಿಡೋಣ ಎಂದು ಕೈಮುಗಿದ. ಬೇಕರಿಯವನು ಒಳ್ಳೆಯ ಮನುಷ್ಯ. ಅವನಿಗೂ ಕೆಡುಕೆನಿಸಿತು.

"ಮರೆಯೋಕಾಗುತ್ತಾ ಸಾರ್? ನಾನು ಹೇಳಿದ್ದೇ ಅದಕ್ಕೆ."

ಕನ್ನಡಕದವನಿಗೆ ತಿಳಿಯಲಿಲ್ಲ. ಬೇಕರಿಯವನು ಬಿಡಿಸಿ ಹೇಳಿದ. ನಿನ್ನೆ ಸಂಜೆ ಡ್ಯಾನ್ಸ್ ಟೀಚರು ವಕೀಲಮ್ಮನ ಆಫೀಸಿನ ಮೆಟ್ಟಿಲು ಹತ್ತಿದ್ದನ್ನು ಅವನು ಕಣ್ಣಾರೆ ಕಂಡನಂತೆ. ಎದೆ ಧಸಕ್ಕೆಂದು ತನ್ನ ವಕೀಲರಿಗೆ ಫೋನು ಮಾಡಿದನಂತೆ. ಅವರು, ಆಯಮ್ಮ ಎದುರು ನಿಂತರೆ ನಮಗೆ ಉಳಿಗಾಲವಿಲ್ಲ, ಬೆಳಗಾಗುತ್ತಲೇ ಹೋಗಿ ಆಕೆಯ ಗಂಡನ ಹತ್ತಿರ ಎಲ್ಲವನ್ನೂ ಹೇಳಿಕೊಂಡುಬಿಡು, ಆಮೇಲೆ ಆಕೆ ಆ ಕಡೆ ನಿಲ್ಲೋ ಹಾಗಿಲ್ಲ ಎಂದರಂತೆ. ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಸಾಹೇಬರೇ ಬ್ರೆಡ್ಡಿಗೆ ಬಂದದ್ದು ತನ್ನ ಅದೃಷ್ಟ ಎಂದ.

"ಆ ಬಿರುಕಿನ ವಿಷ್ಯಾನೂ ಅವರೇ ಸೇರಿಸು ಅಂದಿದ್ದು. ಒಂದಾದ್ರೂ ಗುಟ್ಟು ಇಲ್ದಿದ್ರೆ ಗಟ್ಟಿ ಆಗೋಲ್ವಂತೆ. ಬಿರುಕೂ ಇಲ್ಲ, ಕೊಕ್ಕೆನೂ ಇಲ್ಲ, ನಮ್ಮಲ್ಲಿರೋದು ಟೇಬಲ್ ಫ್ಯಾನು."

ಹಾಗಾದರೆ ಹಗ್ಗ ಕಟ್ಟಿ, ರಟ್ಟು ತೂಗಹಾಕಿ, ಇಡೀ ದಿನ ಅಂಗಡಿ ಮುಚ್ಚಿಕೊಂಡು ಕೂತದ್ದು ಯಾಕೆ ಎಂದು ಕನ್ನಡಕದವನು ತೊದಲಿದ. ನೀವು ಸಲಹೆ ಕೊಟ್ಟಿರಿ, ನಾನು ನಡೆದುಕೊಂಡೆ ಎಂಬುದಕ್ಕೆ ಊರೆಲ್ಲ ಸಾಕ್ಷಿ ಬೇಡವೇ ಎಂದ ಬೇಕರಿಯವನು. ಕನ್ನಡಕದವನು ಇಂಗು ತಿಂದ ಮಂಗನ ಹಾಗೆ ಕೂತುಬಿಟ್ಟ. ಅವನನ್ನು ಸಮಾಧಾನ ಮಾಡಬೇಕೆಂದು ಬೇಕರಿಯವನು ಇನ್ನೊಂದು ಮಾತು ಹೇಳಿದ. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು.

"ನಾನೊಬ್ಬನೇ ಅಂತ ಬೇಜಾರು ಮಾಡ್ಕೋಬೇಡಿ ಸಾರ್. ಔಷಧಿ ಅಂಗಡಿಯವರು ಬಾಡಿಗೆ ತಕರಾರಿಗೆ, ಇಸ್ತ್ರಿಯವನು ತಮ್ಮನ ಜೊತೆ ಜಗಳಕ್ಕೆ, ಮೇಷ್ಟ್ರು ಕಾಂಪೌಂಡ್ ಗೋಡೆಗೆ, ಎಲ್ಲರೂ ಮೊದಲು ನಿಮ್ಮ ಹತ್ರಾನೇ ಬಂದಿದ್ದು. ಮೇಡಂ ಅಂದ್ರೆ ಎಲ್ಲರಿಗೂ ಭಯ. ನಮಗೆ ಸಿಗದಿದ್ರೂ ಪರವಾಗಿಲ್ಲ, ಎದುರಿನವರಿಗೆ ಸಿಗಬಾರದು. ಅದಕ್ಕೆ ನೀವಿದ್ದೀರಿ. ತುಂಬ ಚೆನ್ನಾಗಿ ಕೇಳಿಸಿಕೊಳ್ತೀರಿ."

ಕನ್ನಡಕದವನು ಮನೆಯ ಕಡೆ ನಡೆದ. ನಡೆದ ಎನ್ನುವುದಕ್ಕಿಂತ ಕಾಲು ಅವನನ್ನು ಎಳೆದುಕೊಂಡು ಹೋಯಿತು. ವರ್ಷದಿಂದ ಅವನ ಅಂಗಡಿಯ ಕುರ್ಚಿಯಲ್ಲಿ ಗದ್ದ ಊರಿ ಕೂತು ಪಿಸುಗುಟ್ಟಿದ ಒಂದೊಂದು ಮುಖವೂ ಕಣ್ಣ ಮುಂದೆ ಬಂತು. ತನ್ನನ್ನು ತಿಳಿದವನೆಂದು ಅವರು ಬಂದರೆಂದುಕೊಂಡಿದ್ದ. ಔಷಧಿ ಅಂಗಡಿಯ ಮೇಲಿನ ಆ ಎರಡು ಕುರ್ಚಿಗಳ ಹೊದಿಕೆ ಹರಿಯದೆ ಉಳಿದದ್ದು ತನ್ನ ಈ ಒಂದು ಕುರ್ಚಿಯ ದೆಸೆಯಿಂದ. ಅವಳು ಸಂಜೆ ಸಂಜೆ ಚೀಲವನ್ನು ಸದ್ದಿಲ್ಲದೆ ಇಡುತ್ತಿದ್ದಾಗ, ಪಾಪ, ಕಾಲ ಬರುತ್ತೆ ಬಿಡು ಎಂದು ತಾನೇ ಸಮಾಧಾನ ಹೇಳುತ್ತಿದ್ದದ್ದು ನೆನಪಾಗಿ ಅವನಿಗೆ ತನ್ನ ಕಿವಿಗಳನ್ನೇ ಕಿತ್ತು ಎಸೆಯುವಷ್ಟು ನಾಚಿಕೆಯಾಯಿತು.

ಮೆಟ್ಟಿಲಿನ ಬುಡದಲ್ಲಿ ಕೆಳಗಿನ ಮನೆಯ ಟೈಲರಮ್ಮ ಕಾದಿದ್ದಳು. ಕೊರಳಲ್ಲಿ ಅಳತೆ ಟೇಪು, ಮುಖದಲ್ಲಿ ಗಾಬರಿ.

"ಅಣ್ಣಾ, ಒಂದು ನಿಮಿಷ. ನಮ್ಮ ಭಾವ ಇದಾರಲ್ಲ, ಗ್ಯಾರೇಜಿನವರು, ಅವರು ಮುಂದಿನ ಕೋಣೆ…"

ಅವನು ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಊಟದ ಡಬ್ಬಿಯ ಚೀಲ ಮೊಣಕೈಯಲ್ಲಿ ತೂಗಾಡಿತು. ನನಗೆ ಹೇಳಬೇಡಮ್ಮ, ಇವತ್ತಿನಿಂದ ನಾನು ಯಾರ ಮಾತೂ ಕೇಳೋಲ್ಲ ಎಂದು ತನ್ನ ದನಿ ತನಗೇ ಕೇಳದೆ ಜೋರಾಗಿ ಕೂಗಿಕೊಂಡು, ಕಿವಿಯಿಂದ ಬೆರಳು ತೆಗೆಯದೆ ಮೇಲಕ್ಕೆ ಓಡಿದ. ತಿರುವಿನಲ್ಲಿ ನೋಡಿದರೆ ಆಕೆ ಬಿಳಿಚಿದ ಮುಖದಲ್ಲಿ ಹಾಗೇ ನಿಂತಿದ್ದಳು. ಅವನಿಗೆ ಕನಿಕರವಾಯಿತು. ಆದರೂ ಬೆಳಗಿನಿಂದ ಮೊದಲ ಬಾರಿಗೆ ತಾನು ಮಾಡಿದ್ದು ಸರಿ ಎನ್ನಿಸಿ ಎದೆಯ ಭಾರ ಸ್ವಲ್ಪ ಇಳಿಯಿತು.

ಹೆಂಡತಿ ಆಗಲೇ ಬಂದಿದ್ದಳು. ಮಾತಾಡೋಣ ಎಂದಿದ್ದವಳು ಮಾತಾಡುವ ಮೊದಲೇ ಅವನು ಎದುರಿಗೆ ಕೂತು ಎಲ್ಲವನ್ನೂ ಒಪ್ಪಿಸಿದ. ಬ್ರೆಡ್ಡಿನಿಂದ ಹಿಡಿದು ಟೇಬಲ್ ಫ್ಯಾನಿನವರೆಗೆ ಒಂದನ್ನೂ ಮುಚ್ಚಿಡಲಿಲ್ಲ. ಅವಳು ನಡುವೆ ಬಾಯಿ ಹಾಕಲಿಲ್ಲ. ಕಣ್ಣು ಮುಚ್ಚಿಕೊಂಡು, ಗೋಡೆಗೆ ಒರಗಿ ಕೇಳಿದಳು. ಯಾರು ಯಾರು ಹೇಳಿಕೊಂಡಿದ್ದಾರೆ ಎಂದು ಮಾತ್ರ ಕೊನೆಗೆ ಕೇಳಿದಳು. ಅವನು ಹೇಳುತ್ತ ಹೋದಂತೆ ಬೆರಳು ಮಡಿಸಿದಳು, ಆಮೇಲೆ ಬೆರಳು ಸಾಲದೆ ಕೈಬಿಟ್ಟಳು.

ಅವಳು ಕೂಗಾಡಲಿಲ್ಲ. ಟೀಚರಿಗೆ ನಾಳೆ ಫೋನು ಮಾಡಿ ಬೇರೆಯವರನ್ನು ನೋಡಿಕೊಳ್ಳಿ ಅನ್ನಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆ ಮೆಲುದನಿ ಕೇಳಿ ಕನ್ನಡಕದವನಿಗೆ ಕಣ್ಣಲ್ಲಿ ನೀರು ಬಂತು. ಎಷ್ಟೋ ಹೊತ್ತಿನ ಮೇಲೆ ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು.

"ಅಂದ್ರೆ ನನ್ನ ಕಂಡ್ರೆ ಇಡೀ ಬೀದಿಗೆ ಭಯ ಅಂತಾಯ್ತು."

ಭಯ ಅಂದರೆ ಭಯವೇ ಎಂದು ಅವನು ಹುರುಪಿನಿಂದ ಒಪ್ಪಿದ. ಅವಳಿಗೆ ಅದು ಹಿಡಿಸಿತು. ಎದ್ದು ಕುಕ್ಕರಿನ ಕಡೆ ಹೋದವಳು ತಟ್ಟನೆ ನಿಂತಳು.

"ಒಂದು ಕೇಸಾದ್ರೂ ಉಳಿದಿರಬೇಕು ರೀ. ಮಧ್ಯಾಹ್ನ ಟೈಲರಮ್ಮನ ಭಾವ ಫೋನ್ ಮಾಡಿದ್ರು. ಮುಂದಿನ ಕೋಣೆ ಪಾಲಿನ ವಿಷ್ಯ, ದೊಡ್ಡ ಕೇಸು, ನಾಳೆ ಆಫೀಸಿಗೆ ಬರ್ತೀನಿ ಅಂದ್ರು. ಆಯಮ್ಮ ನಿಮಗೇನೂ ಹೇಳಿಲ್ಲ ತಾನೇ?"

ಕನ್ನಡಕದವನು ಕೂತಲ್ಲಿಂದ ಚಂಗನೆ ಎದ್ದ. ಹೇಳಲು ಬಂದಳು, ಹೇಳಗೊಡಲಿಲ್ಲ ಎಂದ. ಮೆಟ್ಟಿಲಿನ ಬುಡದಲ್ಲಿ ನಡೆದದ್ದನ್ನು, ಬೆರಳು ಎಷ್ಟು ಒಳಗೆ ಹೋಗಿತ್ತೆಂಬುದನ್ನೂ ಬಿಡದೆ, ಎದ್ದು ನಿಂತು ಅಭಿನಯ ಮಾಡಿ ತೋರಿಸಿದ. ಭಾವ, ಮುಂದಿನ ಕೋಣೆ, ಇಷ್ಟರಲ್ಲಿ ಗುಟ್ಟೇನಿದೆ ಎಂದು ಅವಳು ತೂಗಿ ನೋಡಿ, ಏನೂ ಇಲ್ಲ ಎಂದು ತೀರ್ಮಾನಿಸಿದಳು. ಆಮೇಲೆ ಅವನ ಕಡೆ ನೋಡಿದ ನೋಟವನ್ನು ಅವನು ಮದುವೆಯ ಹೊಸತರಲ್ಲಿ ಕಂಡಿದ್ದ. ತಟ್ಟೆಗೆ ಅವನಿಗೇ ಮೊದಲು ಬಡಿಸಿದಳು. ಮಧ್ಯಾಹ್ನ ಉಣ್ಣದವನು ಗಬಗಬನೆ ತಿಂದ. ಅವಳು ಮತ್ತೆ ಅದೇ ಹಾಡು ಗುನುಗತೊಡಗಿದಳು.

ಅಷ್ಟರಲ್ಲಿ ಫೋನು ಬಂತು. ಗ್ಯಾರೇಜಿನ ಭಾವನೇ. ಹೇಳಿ ಎಂದವಳು ಆಮೇಲೆ ಬರೀ ಹೂಂ, ಹೂಂ ಎನ್ನುತ್ತ ಹೋದಳು. ಒಂದೊಂದು ಹೂಂ ಹಿಂದಿನದಕ್ಕಿಂತ ತಗ್ಗಿತು. ಕನ್ನಡಕದವನ ಕೈಯ ತುತ್ತು ಕೈಯಲ್ಲೇ ನಿಂತಿತು. ಒಳ್ಳೆಯದಾಯಿತು, ಸಂತೋಷ ಎಂದು ಹೇಳಿ ಅವಳು ಫೋನನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

ವಿಷಯ ಇಷ್ಟೆ. ಭಾವನ ಕೇಸು ಇನ್ನು ಇಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ನಾದಿನಿ ಟೇಪು ಕೊರಳಲ್ಲಿದ್ದ ಹಾಗೇ ಗ್ಯಾರೇಜಿಗೆ ಓಡಿಬಂದಳಂತೆ. ಬೀದಿಯವರ ಕಷ್ಟವನ್ನೆಲ್ಲ ಕೂತು ಕೇಳುವ ಮೇಲಿನ ಮನೆಯ ಅಣ್ಣ ತನ್ನನ್ನು ಕಂಡು ಕಿವಿ ಮುಚ್ಚಿಕೊಂಡು ಓಡಿದರೆಂದರೆ ವಕೀಲಮ್ಮ ಆಗಲೇ ನಿಮ್ಮ ಕಡೆ ಆಗಿದ್ದಾರೆ ಅಂತಲೇ ಅರ್ಥ, ಅವರ ಎದುರು ನಿಂತು ಗೆಲ್ಲುವ ತಾಕತ್ತು ನನಗಿಲ್ಲ ಎಂದು ಅತ್ತಳಂತೆ. ಭಾವನಿಗೂ ಮನಸ್ಸು ಕರಗಿತಂತೆ. ಕೋಣೆಯನ್ನು ನಡುವೆ ಪರದೆ ಹಾಕಿ ಅರ್ಧ ಅರ್ಧ ಮಾಡಿಕೊಳ್ಳುವುದೆಂದು ಒಪ್ಪಿ, ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಿದ್ದಾರಂತೆ. ಅದನ್ನು ಕೇಳಿ ಡ್ಯಾನ್ಸ್ ಟೀಚರೂ ಬೇಕರಿಯವನೂ ನಾವೂ ಹೀಗೇ ಮಾತಾಡಿಕೊಂಡರೆ ಹೇಗೆ ಅನ್ನುತ್ತಿದ್ದಾರಂತೆ. ಯಜಮಾನರಿಗೆ ದೊಡ್ಡ ನಮಸ್ಕಾರ ತಿಳಿಸಬೇಕಂತೆ.

ಅವಳು ತಟ್ಟೆಯ ಮುಂದೆ ಕೂತಳು. ಊಟಕ್ಕೆ ಕೈ ಹಾಕಲಿಲ್ಲ.

"ನಿಜ ಹೇಳಿ, ಆಯಮ್ಮನಿಗೆ ನೀವು ಏನಂದ್ರಿ?"

"ಏನೂ ಅನ್ಲಿಲ್ಲ ಕಣೆ. ಕೇಳಿಸ್ಕೊಳ್ಳಲೂ ಇಲ್ಲ."

ಅವಳು ನಂಬಿದಳು. ಇದಕ್ಕಿಂತ ನಂಬದೆ ನಾಲ್ಕು ಬೈದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುವಷ್ಟು ಹೊತ್ತು, ಅವನ ಎರಡು ಕಿವಿಗಳನ್ನೇ ಒಂದಾದ ಮೇಲೊಂದು ನೋಡುತ್ತ ಕೂತಳು.